ಓರೆ ಅಕ್ಷರ, ಅವಸರದ ರಾಕ್ಷಸ

ನಾನೂರು ವರ್ಷಗಳಿಂದ ಯಾರಿಗೂ ತೊಂದರೆ ಕೊಡದೆ ಓರೆಯಾಗಿ ಮಲಗಿದ್ದ ಫಾರ್ಸಿ ಅಕ್ಷರಗಳನ್ನು ನಾನು ಒಂದು ಮಧ್ಯಾಹ್ನ, ಕುಬ್ಬೂಸ್ ರೊಟ್ಟಿ ತಿಂದು ಕೈ ತೊಳೆದು ಬಂದವನೇ, ಎಬ್ಬಿಸಿ ನೆಟ್ಟಗೆ ಕೂರಿಸಿಬಿಟ್ಟೆ. ಅವು ಏನೂ ಹೇಳಲಿಲ್ಲ. ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ, ಏಕೆಂದರೆ ನನಗೆ ಫಾರ್ಸಿ ಬರುವುದಿಲ್ಲ. ಬರುತ್ತದೆ ಎಂದು ಹೇಳಿದ್ದೆ, ಅದು ಬೇರೆ ವಿಷಯ.

ಈ ಕಥೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳೋಣ ಎಂದುಕೊಂಡಿದ್ದೆ. ಆದರೆ ಮೊನ್ನೆ ಸೌದಿಯ ಖೋಬರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಬಳಿಸಿಕೊಂಡು ಕೂತಿದ್ದಾಗ ಕನ್ನಡಿಯ ಪಕ್ಕದ ಕ್ಯಾಲೆಂಡರು ತುಸು ಎಡಕ್ಕೆ ವಾಲಿದ್ದು ಕಣ್ಣಿಗೆ ಬಿತ್ತು. ಮತ್ತೆ ಕೂರಲಿಕ್ಕಾಗಲಿಲ್ಲ. ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಕೈ ಚಾಚಿದೆ. ಕ್ಷೌರಿಕ ಮುಲ್ತಾನಿನ ಕಡೆಯವನು. ಕತ್ತಿ ಹಿಡಿದ ಕೈಯನ್ನು ತಲೆಯ ಮೇಲೆತ್ತಿ, "ಅರೇ ಭಾಯಿ, ಮರ್ನಾ ಹೈ ಕ್ಯಾ?" ಎಂದು ಕೂಗಿದ. ಸಾಯುವ ಆಸೆ ನನಗೇನೂ ಇರಲಿಲ್ಲ. ಆದರೆ ಕ್ಯಾಲೆಂಡರು ನೆಟ್ಟಗಾಯಿತು, ಕಿವಿಯ ಕೆಳಗೊಂದು ಗೀರೂ ಬಿತ್ತು. ಗೀರು ಓರೆಯಾಗಿದೆ. ಅದನ್ನು ಸರಿಮಾಡುವ ಉಪಾಯ ನನಗಿನ್ನೂ ಹೊಳೆದಿಲ್ಲ.

ಈ ಚಟ ನನ್ನ ತಪ್ಪಲ್ಲ, ನನ್ನನ್ನು ಬೆಳೆಸಿದವರ ತಪ್ಪು. ಉಪ್ಪಿನಂಗಡಿಯ ಮದ್ರಸದಲ್ಲಿ ಅರಬಿ ಅಕ್ಷರ ಬರೆಯುವಾಗ ನನ್ನ ಸಾಲು ಬಲದಿಂದ ಹೊರಟು ಎಡಕ್ಕೆ ಮುಟ್ಟುವಷ್ಟರಲ್ಲಿ ಸ್ಲೇಟಿನ ಮೇಲಿನ ಮೂಲೆಯಲ್ಲಿರುತ್ತಿತ್ತು. ಉಸ್ತಾದರು ಹಿಂದಿನಿಂದ ಬಂದು ಬಗ್ಗಿ ನೋಡಿ, "ಎಂತ ಸಮೀರ, ನಿನ್ನ ಸಾಲು ಎಲ್ಲಿಗೆ ಹೊರಟದ್ದು? ಶಿರಾಡಿ ಘಾಟಿಗಾ?" ಎಂದು ಕೇಳಿ ನನ್ನ ಕಿವಿಯನ್ನೂ ಘಾಟಿ ಹತ್ತಿಸುತ್ತಿದ್ದರು. ಹಾಗೆ ಕಿವಿಯ ಮೂಲಕ ಕಲಿತ ಪಾಠ ಗಟ್ಟಿಯಾಯಿತು. ಅರ್ಥ ಗೊತ್ತಿಲ್ಲದಿದ್ದರೂ ಅರಬಿ ಅಕ್ಷರದಲ್ಲಿ ಬರೆದ ಏನನ್ನು ಕೊಟ್ಟರೂ ರಾಗವಾಗಿ ಓದಬಲ್ಲೆ. ಶಾಂಪೂ ಬಾಟಲಿಯ ಹಿಂಬದಿಯನ್ನು ನಾನು ಓದುವುದನ್ನು ಕೇಳಿದರೆ ನಿಮಗೆ ಕಣ್ಣೀರು ಬರಬಹುದು.

ಆಮೇಲೆ ಅಕ್ಕನ ಗಂಡನ ಝೆರಾಕ್ಸ್ ಅಂಗಡಿ. ಅಲ್ಲಿ ನನ್ನ ಕೆಲಸ ಊರಿನವರ ರೇಶನ್ ಕಾರ್ಡುಗಳನ್ನು ಗಾಜಿನ ಮೇಲೆ ನೆಟ್ಟಗೆ ಇಡುವುದು. ಕಾಪಿ ಒಂದು ಕೂದಲಿನಷ್ಟು ಓರೆಯಾದರೂ ಸಾಕು, ಕಚೇರಿಯವರು "ಇದು ಓರೆ ಉಂಟು, ಬೇರೆ ತನ್ನಿ" ಎಂದು ವಾಪಸು ಕಳಿಸುತ್ತಿದ್ದರು. ಬಿಸಿಲಲ್ಲಿ ನಡೆದು ಬಂದ ಅಜ್ಜಿಯಂದಿರು ನನ್ನ ಹಿಂದಿನ ಮುಂದಿನ ಎಲ್ಲ ತಲೆಮಾರಿಗೂ ಶಾಪ ಹಾಕುತ್ತಿದ್ದರು. ಅಷ್ಟು ಅಜ್ಜಿಯಂದಿರ ಶಾಪ ತಿಂದವನಿಗೆ ಓರೆಯಾದದ್ದು ಕಂಡರೆ ಕೈ ತುರಿಸದೆ ಇರುತ್ತದೆಯೇ?

ಖೋಬರಿನಲ್ಲಿ ನನಗೆ ಕೆಲಸ ಕೊಟ್ಟದ್ದೂ ಈ ತುರಿಕೆಯೇ. ದೊಡ್ಡ ದೊಡ್ಡ ಬ್ಯಾನರು, ಬೋರ್ಡು ಮಾಡಿಕೊಡುವ ಪ್ರಿಂಟಿಂಗ್ ಅಂಗಡಿ ನಮ್ಮದು. ಕಫೀಲ್, ಅಂದರೆ ಕಾಗದದ ಮೇಲಿನ ಮಾಲೀಕರು, ಸೌದಿಯವರು, ತಿಂಗಳಿಗೊಮ್ಮೆ ಬಂದು ಗಾವಾ ಕಾಫಿ ಕುಡಿದು ಹೋಗುತ್ತಾರೆ. ನಡೆಸುವವರು ಕಿನ್ನಿಗೋಳಿಯ ಲ್ಯಾನ್ಸಿ ಸರ್. ಮನೆಯಲ್ಲಿ ಕೊಂಕಣಿ, ಗಿರಾಕಿಯ ಎದುರು ಅರಬಿ, ಸಿಟ್ಟು ಬಂದರೆ ಕನ್ನಡ. ಅವರ ಕನ್ನಡವನ್ನು ನಾನು ಕೇಳಿದಷ್ಟು ಬೇರಾರೂ ಕೇಳಿರಲಿಕ್ಕಿಲ್ಲ. ಅಂಗಡಿಯ ಮುಂಭಾಗದಲ್ಲಿ ಜನರ ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡು, ಪಾಸ್‌ಪೋರ್ಟು ಸ್ಕ್ಯಾನ್ ಮಾಡುವುದು, ಓರೆ ಬಂದದ್ದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ಮಾಡುವುದು ನನ್ನ ಪಾಲಿನ ಕೆಲಸ. ಈ ಒಂದು ವಿಷಯದಲ್ಲಿ ಸೌದಿಯ ಪೂರ್ವ ಪ್ರಾಂತ್ಯದಲ್ಲೇ ನನ್ನಂಥವನಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳದ ಕಾರಣ.

ಆಗ ಬಂದರು ಡಾಕ್ಟರ್ ನವಾಲ್. ಐವತ್ತರ ಆಸುಪಾಸಿನ ಸೌದಿ ಹೆಂಗಸು. ಕಪ್ಪು ಅಬಾಯ, ಕುತ್ತಿಗೆಯಲ್ಲಿ ನೇತಾಡುವ ಓದುವ ಕನ್ನಡಕ. ರೋಗಿಗಳ ಡಾಕ್ಟರಲ್ಲ, ಹಳೆಯ ಪುಸ್ತಕಗಳ ಡಾಕ್ಟರು. ಹಿಂದಿನ ಕಾಲದ ಫಾರ್ಸಿ ಅರಮನೆಗಳಲ್ಲಿ ದೊರೆಗಳಿಗೆ ಕಥೆ ಓದಿ ಹೇಳಲಿಕ್ಕೆಂದೇ ಕೈಯಲ್ಲಿ ಬರೆಸುತ್ತಿದ್ದ ಚಿತ್ರದ ಪುಸ್ತಕಗಳಲ್ಲಿ ಒಂದನ್ನು ಅವರು ಊರಿನ ಸಾಂಸ್ಕೃತಿಕ ಕೇಂದ್ರದಲ್ಲಿ ಪ್ರದರ್ಶನಕ್ಕೆ ಇಡುವವರಿದ್ದರು. ಅಸಲು ಪುಸ್ತಕ ಗಾಜಿನ ಪೆಟ್ಟಿಗೆಯೊಳಗೆ. ಅದರ ಪುಟಗಳನ್ನು ಬಾಗಿಲಿನಷ್ಟು ದೊಡ್ಡದಾಗಿ ಕ್ಯಾನ್ವಾಸಿನಲ್ಲಿ ಪ್ರಿಂಟ್ ಮಾಡಿ ಗೋಡೆಯುದ್ದಕ್ಕೂ ಸಾಲಾಗಿ ತೂಗುಹಾಕಬೇಕು. ಬಂದವರು ಗೋಡೆ ಹಿಡಿದು ನಡೆಯುತ್ತಾ ಹೋದರೆ ಕಥೆಯೂ ಜೊತೆಗೆ ನಡೆಯಬೇಕು. ಅದು ಅವರ ಯೋಚನೆ.

"ಈ ಲಿಪಿ ಗೊತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದಾರಾ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

ಲ್ಯಾನ್ಸಿ ಸರ್ ಉತ್ತರ ಹುಡುಕುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು. "ನಾನಿದ್ದೇನೆ ಡಾಕ್ಟರ್. ಅರಬಿ ಓದುತ್ತೇನೆ. ಫಾರ್ಸಿ ಅಂದರೆ ಅದೇ ಅಕ್ಷರ, ನಾಲ್ಕು ಎಕ್ಸ್‌ಟ್ರಾ."

ಅವರು ಒಂದು ಪುಟ ಮುಂದಿಟ್ಟರು. ಗಂಟಲು ಸರಿಮಾಡಿಕೊಂಡು ಮದ್ರಸದ ರಾಗದಲ್ಲಿ ಓದಿದೆ. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದೆ, ಎಳೆಯಬಾರದ ಕಡೆಯೂ ಎಳೆದೆ. ಲ್ಯಾನ್ಸಿ ಸರ್ ಮುಖದಲ್ಲಿ ಮೊದಲ ಬಾರಿ ನನ್ನ ಬಗ್ಗೆ ಗೌರವದಂಥದ್ದೇನೋ ಸುಳಿಯಿತು.

"ಚೆನ್ನಾಗಿದೆ. ಅರ್ಥ ಏನು?" ಎಂದರು ಡಾಕ್ಟರ್ ನವಾಲ್.

"ಅರ್ಥ ಮುಂದಿನ ಪುಟದಲ್ಲಿ ಬರುತ್ತದೆ, ಡಾಕ್ಟರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ರಾಜಕುಮಾರ ಜಿಂಕೆಯ ಬೆನ್ನು ಹತ್ತಿ ಕುದುರೆ ಓಡಿಸುವ ಪದ್ಯ ಇದು. ನೀವು ಓದಿದ ರೀತಿಗೆ ಜಿಂಕೆ ಆಗಲೇ ಸತ್ತಿದೆ."

ಹೊರಡುವ ಮೊದಲು ಅವರು ಪುಟಗಳ ಸ್ಕ್ಯಾನ್ ಕಾಪಿ ಕೊಟ್ಟು ಸ್ಪಷ್ಟವಾಗಿಯೇ ಹೇಳಿದ್ದರು, ಧೂಳಿನ ಚುಕ್ಕೆ ಒರೆಸುವುದು ಬಿಟ್ಟರೆ ಬೇರೇನನ್ನೂ ಮುಟ್ಟಬೇಡಿ ಎಂದು. ಅದು ಇಂಗ್ಲಿಷಿನ ಮಾತು. ಅವರ ಕಾರು ಆಚೆ ಹೋದದ್ದೇ ಲ್ಯಾನ್ಸಿ ಸರ್ ಕನ್ನಡದಲ್ಲಿ ಹೇಳಿದರು, "ಕೇಳಿದ್ಯಲ್ಲ ಮಾರಾಯ? ನೀಟ್ ಮಾಡಿ ಕೊಡು. ಮತ್ತೆ ನಿನ್ನ ವೆಕೇಶನ್." ಎರಡು ಭಾಷೆಯಲ್ಲಿ ಎರಡು ಮಾತು ಕೇಳಿದ ಮನುಷ್ಯ ತನಗೆ ಅಭ್ಯಾಸವಿರುವ ಮಾತನ್ನು ಪಾಲಿಸುತ್ತಾನೆ. ನಾನು 'ನೀಟ್' ಅನ್ನು ಪಾಲಿಸಿದೆ.

ಆ ವೆಕೇಶನ್ ಎಂದರೆ ಬರೀ ರಜೆಯಲ್ಲ. ವಿಟ್ಲದ ಮಿಸ್ರಿಯಾ ಎಂಬ ಟೀಚರ್ ನನ್ನನ್ನು ಮದುವೆಯಾಗಲು ಒಪ್ಪಿದ್ದಳು. ಯಾಕೆ ಒಪ್ಪಿದಳೆಂದು ನಾನು ಕೇಳಲಿಲ್ಲ, ಕೇಳಿದರೆ ಮತ್ತೆ ಯೋಚಿಸಿಯಾಳು ಎಂದು. ಪ್ರದರ್ಶನದ ಉದ್ಘಾಟನೆ ಶನಿವಾರ. ನನ್ನ ವಿಮಾನ ಭಾನುವಾರ. ನಿಕಾಹ್ ಗುರುವಾರ. ಇಲ್ಲಿಂದ ಊರಿಗೆ ಹೋಗಿ ಬರಬೇಕಾದರೆ ರೀ-ಎಂಟ್ರಿ ಎಂಬ ಅನುಮತಿ ಬೇಕು. ಅದು ಲ್ಯಾನ್ಸಿ ಸರ್ ಕಂಪ್ಯೂಟರಿನಲ್ಲಿ ಒಂದು ಬಟನ್ ಆಗಿ ಕೂತಿರುತ್ತದೆ. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವವನಿಗೆ ಆ ಬಟನ್ ಒತ್ತುವುದಿಲ್ಲವೆಂಬುದು ಅವರ ಹಳೆಯ ಕಟ್ಟಳೆ. ಪ್ರದರ್ಶನದ ಬಾಗಿಲು ತೆರೆದ ಮೇಲೆ ಒತ್ತುತ್ತೇನೆ ಎಂದಿದ್ದರು. ಊರಿನಿಂದ ನನ್ನ ತಾಯಿ, ಉಮ್ಮ, ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಹಾಲ್ ಆಯ್ತು, ಅಡುಗೆಯವರಿಗೆ ಹೇಳಿ ಆಯ್ತು, ಕಾರ್ಡು ಹಂಚಿ ಆಯ್ತು. ಮದುಮಗ ಒಬ್ಬ ಬಾಕಿ, ಮೋನೆ."

ಈಗ ಆ ಅಕ್ಷರದ ವಿಷಯ ಹೇಳಬೇಕು. ನಸ್ತಲೀಕ್ ಎಂದು ಅದರ ಹೆಸರು. ನಾನು ಕಲಿತ ಅರಬಿ ಅಕ್ಷರ ಬೆಂಚಿನ ಮೇಲೆ ಕೂತ ಮಕ್ಕಳ ಹಾಗೆ ಸಾಲಾಗಿ ಕೂರುತ್ತದೆ. ಇದು ಹಾಗಲ್ಲ. ಪ್ರತಿ ಪದವೂ ಬಲಗಡೆ ಎತ್ತರದಲ್ಲಿ ಹುಟ್ಟಿ, ಶಿರಾಡಿ ಇಳಿಯುವ ಲಾರಿಯ ಹಾಗೆ ತಿರುವು ತಿರುವಾಗಿ ಎಡಕ್ಕೆ ಜಾರಿ ಬಂದು ನಿಲ್ಲುತ್ತದೆ. ಒಂದು ಪದದ ಬಾಲ ಮುಂದಿನ ಪದದ ಹೊಟ್ಟೆಯ ಕೆಳಗೆ. ಚುಕ್ಕೆಗಳು ಎಲ್ಲೋ ಗಾಳಿಯಲ್ಲಿ. ಉಸ್ತಾದರು ನನ್ನ ಕಿವಿ ಹಿಂಡಿದ್ದೆಲ್ಲ ಯಾವ ತಪ್ಪಿಗೋ ಆ ತಪ್ಪನ್ನೇ ದೊರೆಗಳು ಕೂಲಿ ಕೊಟ್ಟು, ಬಂಗಾರದ ಪುಡಿ ಚಿಮುಕಿಸಿದ ಕಾಗದದ ಮೇಲೆ ಮಾಡಿಸಿದ್ದರು. ನೋಡುತ್ತಾ ಕೂತರೆ ಚಂದ, ಸುಳ್ಳು ಹೇಳುವುದಿಲ್ಲ. ಅದನ್ನು ಹಾಗೇ ಬಿಟ್ಟೆ. ಒಂದೊಂದು ಪದವನ್ನೂ ನೆಟ್ಟಗೆ ಮಾಡುವಷ್ಟು ಪುರಸೊತ್ತು ಇರಲಿಲ್ಲ ಎಂಬುದೂ ಒಂದು ಕಾರಣ.

ಆದರೆ ಕೆಲವು ಪುಟಗಳಲ್ಲಿ ಬೇರೆಯೇ ಒಂದು ರೋಗವಿತ್ತು. ಮೇಲಿನ ಸಾಲುಗಳೆಲ್ಲ ಸರಿ, ಕೆಳಗೆ ಬರುತ್ತಿದ್ದಂತೆ ಸಾಲಿಗೆ ಸಾಲೇ ಎದ್ದು ಪುಟದ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ್ದವು. ಸಾಲು ಓರೆಯಾದಾಗ ಮೂಲೆಗಳಲ್ಲಿ ಉಳಿದ ತ್ರಿಕೋನದ ಜಾಗದಲ್ಲಿ ಹೂಬಳ್ಳಿ. ಪಾಪ, ಬರೆಯುವವನಿಗೆ ಊಟದ ಮೇಲೆ ತೂಕಡಿಕೆ ಬಂದಿರಬೇಕು ಎಂದುಕೊಂಡೆ. ಅವನ ಮಾನ ಕಾಪಾಡುವುದು ನನ್ನ ಕರ್ತವ್ಯವಾಯಿತು. ಓರೆ ಸಾಲುಗಳನ್ನು ಕತ್ತರಿಸಿದೆ, ತಿರುಗಿಸಿದೆ, ನೆಟ್ಟಗೆ ಒಂದರ ಕೆಳಗೊಂದು ಜೋಡಿಸಿದೆ.

ಓರೆಯಾಗಿ ಪುಟ ತುಂಬುತ್ತಿದ್ದ ಸಾಲುಗಳು ನೆಟ್ಟಗಾದ ಮೇಲೆ ಅರ್ಧ ಪುಟಕ್ಕೇ ಮುಗಿದುಹೋದವು. ಕೆಳಗೆ ಖಾಲಿ ಜಾಗ. ನಮ್ಮ ಅಂಗಡಿಯಲ್ಲಿ ಖಾಲಿ ಜಾಗ ಬಿಟ್ಟವನನ್ನು ಲ್ಯಾನ್ಸಿ ಸರ್ ನೋಡುವ ನೋಟವೇ ಬೇರೆ. ಹಾಗಾಗಿ ಮುಂದಿನ ಪುಟದಲ್ಲಿದ್ದ ಚಿತ್ರವನ್ನು ಎಳೆದು ತಂದು ಅಲ್ಲಿ ಕೂರಿಸಿದೆ. ಮುಂದಿನ ಪುಟದಲ್ಲಿ ಉಳಿದದ್ದು ಒಂದೆರಡು ಸಾಲು. ಅವನ್ನು ನಡುಮಧ್ಯ ಇಟ್ಟು ಸುತ್ತ ಬಾರ್ಡರ್ ಹಾಕಿದೆ. ಥೇಟ್ ನನ್ನ ಮದುವೆ ಕಾರ್ಡಿನ ಹಾಗಾಯಿತು. ಮುಂದೆ ಮುಂದೆ ಹೋದಂತೆ, ಎಲ್ಲ ಚಿತ್ರಗಳ ಹಿಂದಿನ ಪುಟದಲ್ಲೂ ಇದೇ ರೋಗ. ಆಗಲಾದರೂ ನನಗೆ ಸಂಶಯ ಬರಬೇಕಿತ್ತು. ಎಂಥ ಸುಸ್ತಿನ ಮನುಷ್ಯನಪ್ಪಾ ಎಂದು ಮರುಗಿ ಎಲ್ಲವನ್ನೂ ರಿಪೇರಿ ಮಾಡಿದೆ. ಡಾಕ್ಟರ್ ನವಾಲ್ ಅವರಿಗೆ ನೋಡಲಿಕ್ಕೆ ಕಳಿಸಿದ್ದು ಮೊದಲ ಪುಟ ಮಾತ್ರ. ಅದರಲ್ಲಿ ರೋಗ ಇರಲಿಲ್ಲ. ಅವರು ಒಪ್ಪಿದರು. ಉಳಿದದ್ದೆಲ್ಲ ಮೆಶೀನಿಗೆ ಹೋಯಿತು.

ಗುರುವಾರ ಬೆಳಿಗ್ಗೆ ಕ್ಯಾನ್ವಾಸುಗಳೆಲ್ಲ ಗೋಡೆ ಏರಿದವು. ಒಂದೊಂದೂ ನೆಟ್ಟಗಿದೆಯೋ ಎಂದು ಲೆವೆಲ್ ಹಿಡಿದು ನೋಡಿದವನು ನಾನೇ. ಡಾಕ್ಟರ್ ನವಾಲ್ ಬಂದರು. ಮೊದಲ ಪುಟ, ಎರಡನೆಯ ಪುಟ, ಮುಖದಲ್ಲಿ ನಗು. ಆಮೇಲೆ ನಿಂತರು. ಹಿಂದಿನ ಪುಟಕ್ಕೆ ಹೋದರು. ಮತ್ತೆ ಮುಂದೆ ಬಂದರು. ಗೋಡೆಯ ಉದ್ದಕ್ಕೂ ಬೇಗ ಬೇಗ ನಡೆದರು. ಕೊನೆಗೆ ಪ್ಯಾಕಿಂಗಿನ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಮೆಲ್ಲನೆ ಕೂತುಬಿಟ್ಟರು.

"ಓರೆ ಸಾಲುಗಳು ಎಲ್ಲಿ?"

"ಸರಿ ಮಾಡಿದೆ, ಡಾಕ್ಟರ್," ಎಂದೆ. ಹೊಗಳಿಕೆಗೆ ತಯಾರಾಗಿ ತಲೆಯನ್ನು ಸ್ವಲ್ಪ ಬಗ್ಗಿಸಿಯೂ ಇದ್ದೆ.

"ಸರಿ ಮಾಡಿದಿರಿ," ಎಂದು ಅವರು ನನ್ನ ಮಾತನ್ನೇ ನನಗೆ ವಾಪಸು ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪಾಠ ಮಾಡಿದರು.

ಈ ಪುಸ್ತಕಗಳಲ್ಲಿ ಬರೆಯುವವನು ಬೇರೆ, ಚಿತ್ರ ಬಿಡಿಸುವವನು ಬೇರೆ. ಬರೆಯುವವನು ಮೊದಲು. ಯಾವ ಪದ್ಯಕ್ಕೆ ಯಾವ ಚಿತ್ರ, ಅದು ಯಾವ ಪುಟದಲ್ಲಿ ಬೀಳಬೇಕು ಎಂಬ ಅಂದಾಜು ಅವನಿಗಿರಬೇಕು. ಚಿತ್ರದ ಪುಟ ಬರುವ ಮೊದಲೇ ಪದ್ಯ ಮುಗಿದುಹೋಗುವ ಹಾಗಿದ್ದರೆ ಅವನು ಸಾಲುಗಳನ್ನು ಓರೆ ಮಾಡುತ್ತಾನೆ. ಓರೆ ಸಾಲು ಹೆಚ್ಚು ಜಾಗ ತಿನ್ನುತ್ತದೆ, ಹೀಗಾಗಿ ಸ್ವಲ್ಪ ಪದ್ಯದಲ್ಲೇ ಪುಟ ತುಂಬುತ್ತದೆ. ಓದುವವನು ಕತ್ತು ವಾಲಿಸಿ ನಿಧಾನವಾಗಿ ಓದಬೇಕಾಗುತ್ತದೆ. ಸಾಲು ಓರೆಯಾಯಿತೆಂದರೆ ಕೇಳುತ್ತಾ ಕೂತ ದೊರೆಗೂ ತಿಳಿಯುತ್ತದೆ, ಏನೋ ಬರುತ್ತಿದೆ ಎಂದು. ಆಗ ಹಾಳೆ ತಿರುಗಬೇಕು. ಆಗ ಕಾಣಬೇಕು ಚಿತ್ರ.

"ಅಲ್ಲಿ ನೋಡಿ," ಎಂದು ಅವರು ಕೊನೆಯ ಗೋಡೆ ತೋರಿಸಿದರು. "ಬಾಯಾರಿದ ರಾಜಕುಮಾರ ಒಂದು ಬಾವಿಯ ಹತ್ತಿರ ಬರುತ್ತಾನೆ. ಬಾವಿಗೆ ಮುಚ್ಚಳ. ಒಳಗಿನಿಂದ ಅವನ ತಾಯಿಯ ಧ್ವನಿ ಕೇಳಿಸುತ್ತದೆ. ಮುಚ್ಚಳ ತೆಗೆಯಲೋ ಬೇಡವೋ ಎಂದು ಅವನು ಹಿಂದೆ ಮುಂದೆ ನೋಡುವ ಪದ್ಯಗಳೆಲ್ಲ ಓರೆ. ಹಾಳೆ ತಿರುಗಿಸಿದರೆ ಬಾವಿಯಿಂದ ರಾಕ್ಷಸ ಹೊರಗೆ. ನಿಮ್ಮ ಗೋಡೆಯಲ್ಲಿ ರಾಜಕುಮಾರ ಇನ್ನೂ ಕುದುರೆಯಿಂದ ಇಳಿದಿಲ್ಲ, ರಾಕ್ಷಸ ಆಗಲೇ ಬಂದು ಕಾಯುತ್ತಿದ್ದಾನೆ."

ನಾನು ನೋಡಿದೆ. ಮೈಯೆಲ್ಲ ಚುಕ್ಕೆ, ಎರಡು ಕೊಂಬು, ಕಾಲಿಗೆ ಬಂಗಾರದ ಬಳೆ. ಹೌದು, ಬಸ್ ಸ್ಟ್ಯಾಂಡಿನಲ್ಲಿ ಲೇಟಾದ ಬಸ್ಸಿಗೆ ಕಾಯುವವನ ಹಾಗೆಯೇ ನಿಂತಿದ್ದ.

ಜೀವನದಲ್ಲಿ ನಾನು ರಾಕ್ಷಸನನ್ನು ಮುಂಚಿತವಾಗಿ ಹೊರಗೆ ಬಿಟ್ಟದ್ದು ಇದು ಎರಡನೆಯ ಸಲ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಯಕ್ಷಗಾನ ಇತ್ತು. ಬಣ್ಣದ ವೇಷ, ಅಂದರೆ ರಾಕ್ಷಸ, ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯಬೇಕು. ಚೆಂಡೆ ಏರುತ್ತಾ ಹೋಗಬೇಕು, ತೆರೆಯ ಮೇಲೆ ಮೊದಲು ಕಿರೀಟದ ತುದಿ ಕಾಣಬೇಕು, ಒಳಗಿನಿಂದ ಆರ್ಭಟ ಕೇಳಬೇಕು, ಮುಂದಿನ ಸಾಲಿನ ಮಕ್ಕಳು ಅಮ್ಮನ ಮಡಿಲಿಗೆ ಓಡಬೇಕು, ಆಮೇಲೆ ತೆರೆ ಸರಿಯಬೇಕು. ಕುಣಿಯಲು ಬಾರದ್ದರಿಂದ ನನ್ನನ್ನು ತೆರೆ ಹಿಡಿಯಲು ಹಾಕಿದ್ದರು. ನನಗೆ ಮೂಗು ತುರಿಸಿತು. ಒಂದು ಕೈ ಬಿಟ್ಟೆ. ಅಲ್ಲಿ ನಮ್ಮ ರಾಕ್ಷಸ, ಏಳನೇ ಕ್ಲಾಸಿನ ದಿನೇಶ, ಮೀಸೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಸ್ಟ್ರಾ ಹಾಕಿ ಗೋಳಿ ಸೋಡಾ ಕುಡಿಯುತ್ತಿದ್ದ. ಸಭೆಗೆ ಸಭೆಯೇ ನಕ್ಕಿತು. ದಿನೇಶ ಇವತ್ತಿಗೂ ನನ್ನ ವಾಟ್ಸಾಪಿಗೆ ಉತ್ತರ ಕೊಡುವುದಿಲ್ಲ.

ಲ್ಯಾನ್ಸಿ ಸರ್ ಬಂದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ಕನ್ನಡ ಶುರುವಾಯಿತು.

"ಎಂತ ಮಾರಾಯ ಇದು? ನಿನ್ನ ಹತ್ರ ಧೂಳು ಒರೆಸ್ಲಿಕ್ಕೆ ಹೇಳಿದ್ದಾ, ಕಥೆ ಒರೆಸ್ಲಿಕ್ಕೆ ಹೇಳಿದ್ದಾ?"

"ಸರ್, ಭಾನುವಾರದ ಫ್ಲೈಟ್..."

"ಫ್ಲೈಟಾ? ನಿನ್ನ ರೀ-ಎಂಟ್ರಿ ಮತ್ತೆ. ಮೊದಲು ಆ ರಾಕ್ಷಸನಿಗೆ ರೀ-ಎಂಟ್ರಿ ಮಾಡಿಸು. ಶನಿವಾರ ಬಾಗಿಲು ತೆರೀವಾಗ ಅವ ಬಾವಿಯೊಳಗೆ ಇರ್ಬೇಕು. ಇಲ್ಲಾಂದ್ರೆ ನಿನ್ನ ನಿಕಾಹ್ ಇನ್ಶಾ ಅಲ್ಲಾಹ್ ಆಗ್ತದೆ, ನಿನ್ನ ಮೊಮ್ಮಕ್ಕಳ ಮದುವೆಯ ಒಟ್ಟಿಗೆ."

ಶುಕ್ರವಾರ ಇಡೀ ಕಂಪ್ಯೂಟರಿನ ಮುಂದೆ ಕೂತು ನೆಟ್ಟಗಿದ್ದುದನ್ನು ಓರೆ ಮಾಡಿದೆ. ಅಸಲು ಸ್ಕ್ಯಾನುಗಳು ಡಾಕ್ಟರ್ ನವಾಲ್ ಹತ್ತಿರ ಇದ್ದುದರಿಂದ ಬಚಾವಾದೆ. ಅವರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಕಾವಲಿಗೆ. ನಡುನಡುವೆ ಪದ್ಯಗಳನ್ನು ಓದಿ ಹೇಳುತ್ತಿದ್ದರು. ಪುಸ್ತಕದ ಕೊನೆಯ ಪುಟದಲ್ಲಿ ಬರೆದವನು ತನ್ನ ಹೆಸರಿನ ಹಿಂದೆ 'ಬಡವ, ಪಾಪಿ, ಕ್ಷಮೆಗೆ ಕಾದಿರುವವನು' ಎಂದೆಲ್ಲ ಹಾಕಿಕೊಂಡಿದ್ದಾನಂತೆ. ಆ ಕಾಲದ ಬರೆಯುವವರ ಪದ್ಧತಿಯೇ ಹಾಗೆ, ಎಷ್ಟು ಚೆನ್ನಾಗಿ ಬರೆದರೂ ಕೊನೆಗೆ ಕೈಮುಗಿದು ಪಾಪಿ ಎನ್ನಬೇಕು. ನಮ್ಮ ಅಂಗಡಿಯ ಬಿಲ್ಲಿನ ಕೆಳಗೆ 'ಗುಣಮಟ್ಟಕ್ಕೆ ನಾವೇ ಹೆಸರು' ಎಂದು ಅಚ್ಚಾಗಿದೆ. ಅದನ್ನು ಅವರು ಒಮ್ಮೆ ಓದಿದರು, ನನ್ನನ್ನು ಒಮ್ಮೆ ನೋಡಿದರು. ನಾನು ಮೌಸಿನ ತಂತಿ ಸರಿಮಾಡಿಕೊಂಡೆ.

ಉಮ್ಮನ ಫೋನ್ ಬಂತು. "ಮೋನೆ, ಟಿಕೆಟ್ ಕೈಯಲ್ಲುಂಟಲ್ಲ?"

"ಟಿಕೆಟ್ ಉಂಟು ಉಮ್ಮ. ಒಬ್ಬ ಬಾವಿಗೆ ಇಳಿಯಬೇಕು, ಅಷ್ಟೇ."

"ಯಾರು? ಎಂತ ಬಾವಿ? ನೀನು ಹತ್ತಿರ ಹೋಗ್ಬೇಡ, ಜಾರಿ ಬೀಳ್ತೀ!"

ಸಂಜೆಗೆ ಒಂದೊಂದೇ ಪುಟ ಓರೆಯಾಗಿ, ಚಂದವಾಗಿ ಮೆಶೀನಿನಿಂದ ಹೊರಬಂತು. ಮೊದಲಿನಿಂದ ಕ್ರಮವಾಗಿ ಮಾಡುತ್ತಾ ಬಂದು ಬಾವಿಯ ಪುಟಕ್ಕೆ ತಲುಪಿದಾಗ ಮೆಶೀನು ಕುಂಯ್ ಎಂದು ನಿಂತಿತು. ಕ್ಯಾನ್ವಾಸಿನ ರೋಲು ಮುಗಿದಿತ್ತು. ಹೊಸ ರೋಲು ರಿಯಾದಿನಿಂದ ಬರಬೇಕು. ಶುಕ್ರವಾರ ಅಲ್ಲಿನ ಅಂಗಡಿ ಮುಚ್ಚಿದೆ. ಬರುವುದು ಸೋಮವಾರ. ಇಡೀ ಪುಸ್ತಕದಲ್ಲಿ ಎಲ್ಲರೂ ಅವರವರ ಜಾಗದಲ್ಲಿ, ರಾಕ್ಷಸ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ.

ಮಿಸ್ರಿಯಾಗೆ ಫೋನ್ ಮಾಡಿ ವಿಷಯ ಹೇಳಿದೆ. ಹೇಳದೆ ಇರುವುದು ಹೇಗೆ? ಅವಳು ಎಲ್ಲ ಕೇಳಿ, "ಹಾಗಾದ್ರೆ ಗುರುವಾರ ನೀವು ಬರುವುದಾ, ನಿಮ್ಮ ರಾಕ್ಷಸ ಬರುವುದಾ? ಯಾರಾದ್ರೂ ಒಬ್ರು ಬನ್ನಿ, ನಮ್ಮ ಮಾವಂದಿರೆಲ್ಲ ರಜೆ ಹಾಕಿದ್ದಾರೆ," ಎಂದಳು. ಫೋನಿನ ಆಚೆ ಅವಳ ಮನೆಯವರು ಯಾರೋ ಕುರ್ಚಿಗಳ ಬಾಡಿಗೆ ಮಾತಾಡುತ್ತಿದ್ದರು. "ಬರ್ತೀರಲ್ಲ?" ಎಂದು ಕೇಳಿದಳು. ಈ ಸಲ ತಮಾಷೆ ಇರಲಿಲ್ಲ. ಬರ್ತೇನೆ ಎಂದೆ, ನಾನೂ ತಮಾಷೆ ಮಾಡದೆ.

ಕೋಣೆಗೆ ಬಂದು ಕೂತೆ. ಎದುರಿಗೆ ಕಟ್ಟಿಟ್ಟ ಬ್ಯಾಗುಗಳು. ಎಲ್ಲದರ ಮೇಲೆ ಬ್ಲಾಂಕೆಟ್. ಗಲ್ಫಿನಿಂದ ಬರುವ ಮದುಮಗ ಬ್ಲಾಂಕೆಟ್ ತರದಿದ್ದರೆ ನಮ್ಮ ಕಡೆ ಮರ್ಯಾದೆ ಉಳಿಯುವುದಿಲ್ಲ. ವಿಟ್ಲದ ಸೆಕೆಯಲ್ಲಿ ಅದನ್ನು ಹೊದ್ದರೆ ಮನುಷ್ಯ ಬೆಂದುಹೋಗುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ಅತ್ತೆಗೆಂದು ತೆಗೆದುಕೊಂಡದ್ದು ಕಡುಗೆಂಪಿನ, ಎರಡು ಮಂಚದಷ್ಟು ಅಗಲದ, ನಡುವೆ ದೊಡ್ಡ ಹು‍ಲಿಯ ಚಿತ್ರವಿದ್ದ ಬ್ಲಾಂಕೆಟ್. ಅದನ್ನು ನೋಡುತ್ತಾ ನೋಡುತ್ತಾ ನನ್ನ ಮೂಗು ತುರಿಸಿತು. ಎದ್ದು ನಿಂತೆ.

ಶನಿವಾರ ಸಭಾಂಗಣ ತುಂಬಿತ್ತು. ಬಿಳಿ ತೋಬು ತೊಟ್ಟ ಗಂಡಸರು, ಕಪ್ಪು ಅಬಾಯದ ಹೆಂಗಸರು, ಅವರ ನಡುವೆ ಓಡಾಡುವ ಮಕ್ಕಳು. ಡಾಕ್ಟರ್ ನವಾಲ್ ಗೋಡೆಯುದ್ದಕ್ಕೂ ಎಲ್ಲರನ್ನೂ ನಡೆಸುತ್ತಾ ಮೊದಲು ಫಾರ್ಸಿ ಪದ್ಯ ಓದಿ, ಆಮೇಲೆ ಅರಬಿಯಲ್ಲಿ ಕಥೆ ಹೇಳುತ್ತಾ ಬಂದರು. ಓರೆ ಸಾಲು ಬಂದಲ್ಲೆಲ್ಲ ಜನರ ತಲೆಗಳು ಒಟ್ಟಿಗೆ ಒಂದು ಬದಿಗೆ ವಾಲುತ್ತಿದ್ದವು. ನೋಡಿ ನನಗೆ ನಾಚಿಕೆಯಾಯಿತು. ಕೊನೆಯ ಗೋಡೆಯಲ್ಲಿ ಬಾವಿಯ ಪುಟ ಮಾತ್ರ ನಾನು ನೆಟ್ಟಗೆ ಮಾಡಿದ ಹಳೆಯದೇ. ಪದ್ಯ ಕಾಣುತ್ತಿತ್ತು, ಕೆಳಗಿನ ಚಿತ್ರಕ್ಕೆ ಅಡ್ಡವಾಗಿ ಬ್ಲಾಂಕೆಟ್. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಕೋಟು ಟೈ ಹಾಕಿದ ಲ್ಯಾನ್ಸಿ ಸರ್. ಬೇರೆ ಯಾರೂ ಸಿಕ್ಕಿರಲಿಲ್ಲ.

ಡಾಕ್ಟರ್ ನವಾಲ್ ಅವಸರ ಮಾಡಲಿಲ್ಲ. ರಾಜಕುಮಾರ ಕುದುರೆಯಿಂದ ಇಳಿದ. ಬಾವಿ ನೋಡಿದ. ಬಾಯಾರಿಕೆಯ ಬಗ್ಗೆ ಅಷ್ಟುದ್ದ ಮಾತಾಡಿದ. ಬ್ಲಾಂಕೆಟಿನ ಭಾರಕ್ಕೆ ನನ್ನ ತೋಳು ನಡುಗತೊಡಗಿತು.

"ಕೈ ಬಿದ್ದು ಹೋಗ್ತದೆ ಮಾರಾಯ," ಎಂದು ಲ್ಯಾನ್ಸಿ ಸರ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. "ಆ ಮನುಷ್ಯ ಮುಚ್ಚಳ ತೆಗೆಯುವುದು ಯಾವಾಗ?"

"ಬಿಡ್ಬೇಡಿ ಸರ್. ನನ್ನ ಮದುವೆ ಉಂಟು."

"ನನ್ನ ಮದುವೆ ಆಗಿಯಾಗಿದೆ. ನಾನು ಯಾಕೆ ಸಾಯ್ಬೇಕು?"

ಅಷ್ಟರಲ್ಲಿ ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಅರಬಿಯಲ್ಲಿ "ಹುಲಿ! ಹುಲಿ!" ಎಂದು ಕಿರುಚಿದಳು. ಗಡಿಬಿಡಿಯಲ್ಲಿ ಬ್ಲಾಂಕೆಟನ್ನು ನಾವು ಉಲ್ಟಾ ಹಿಡಿದಿದ್ದೆವು. ಒಳಗಿರಬೇಕಾದ ಹುಲಿ ಸಭೆಯನ್ನು ದಿಟ್ಟಿಸುತ್ತಿತ್ತು. ಡಾಕ್ಟರ್ ನವಾಲ್ ಮಾತು ನಿಲ್ಲಿಸಿದರು. ನನ್ನ ಮದುವೆ, ಹಾಲ್, ಅಡುಗೆಯವರು, ಮಾವಂದಿರು ಎಲ್ಲ ಕಣ್ಣ ಮುಂದೆ ಬಂದು ಹೋದರು. ಆದರೆ ಅವರು ನನ್ನ ಕಡೆ ಒಂದು ಕ್ಷಣ ನೋಡಿ, ಮಗುವಿನ ಕಡೆ ಬಗ್ಗಿ, ಗುಟ್ಟು ಹೇಳುವವರ ಹಾಗೆ ಹೇಳಿದರು, "ಹೌದಮ್ಮಾ, ಆ ಬಾವಿಗೆ ಒಂದು ಹುಲಿಯ ಕಾವಲೂ ಇತ್ತು." ಅರಮನೆಯ ಕಥೆಗಾರರು ಹಾಗೆಯೇ ಇದ್ದರಂತೆ. ಕಥೆ ಹೇಳುವಾಗ ಸಿಂಹಾಸನದ ಬದಿಯಲ್ಲಿ ಬೆಕ್ಕು ಹಾದುಹೋದರೆ ಬೆಕ್ಕನ್ನೂ ಕಥೆಯೊಳಗೆ ಕರೆದುಕೊಳ್ಳುತ್ತಿದ್ದರಂತೆ.

ರಾಜಕುಮಾರ ಮುಚ್ಚಳಕ್ಕೆ ಕೈ ಹಾಕಿದ. ಡಾಕ್ಟರ್ ನವಾಲ್ ಬೆರಳೆತ್ತಿದರು. ನಾವಿಬ್ಬರೂ ಬಿಟ್ಟೆವು. ಹುಲಿ ನೆಲಕ್ಕೆ ಬಿತ್ತು, ರಾಕ್ಷಸ ಎದ್ದ, ಮುಂದಿನ ಸಾಲಿನ ಮಕ್ಕಳು ಚೀರುತ್ತಾ ಅಮ್ಮಂದಿರ ಅಬಾಯದೊಳಗೆ ಹೊಕ್ಕರು. ಆಮೇಲೆ ಚಪ್ಪಾಳೆ. ಮಕ್ಕಳೆಲ್ಲ ಇನ್ನೊಂದು ಸಲ, ಇನ್ನೊಂದು ಸಲ ಎಂದು ಬ್ಲಾಂಕೆಟ್ ಎಳೆಯತೊಡಗಿದರು. ಲ್ಯಾನ್ಸಿ ಸರ್ ತೋಳು ಉಜ್ಜಿಕೊಳ್ಳುತ್ತಾ ಡಾಕ್ಟರ್ ನವಾಲ್ ಜೊತೆ ಮೂಲೆಯಲ್ಲಿ ನಿಂತು ಏನೋ ಮಾತಾಡಿದರು. ಇಬ್ಬರೂ ಎರಡು ಮೂರು ಸಲ ನನ್ನ ಕಡೆ ನೋಡಿದರು. ನಾನು ವಿನಯದಿಂದ ನೆಲ ನೋಡಿದೆ.

ಅಂಗಡಿಗೆ ವಾಪಸು ಬಂದದ್ದೇ ಲ್ಯಾನ್ಸಿ ಸರ್ ಬಟನ್ ಒತ್ತಿದರು. ನಾನು ಕೇಳಿದ್ದು ಇಪ್ಪತ್ತು ದಿನ. ಕಾಗದ ನೋಡಿದರೆ ಎರಡು ತಿಂಗಳು!

"ಸರ್, ಇದು ತಪ್ಪಾಗಿದೆಯಾ ಅಂತ..."

"ತಪ್ಪಾಗಲಿಲ್ಲ. ಯಲ್ಲಾ, ಹೋಗು. ಆರಾಮಲ್ಲಿ ಬಾ."

ನಿಕಾಹ್ ಗುರುವಾರವೇ ಆಯಿತು. ಬ್ಲಾಂಕೆಟಿನ ಹುಲಿಯ ಮೀಸೆಯ ಮೇಲೆ ಯಾವುದೋ ಮಗುವಿನ ಚಾಕೊಲೇಟ್ ಮೆತ್ತಿದ್ದನ್ನು ಅತ್ತೆ ಡಿಸೈನ್ ಎಂದುಕೊಂಡರು. ನಾನು ಮಾತ್ರ ಉಪ್ಪಿನಂಗಡಿಯಿಂದ ವಿಟ್ಲದವರೆಗೆ ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಸೌದಿಯಲ್ಲಿ ದೊಡ್ಡ ಪ್ರದರ್ಶನ, ಕೊನೆ ಗಳಿಗೆಯಲ್ಲಿ ನನ್ನ ಐಡಿಯಾ, ಸಭೆಗೆ ಸಭೆ ಚಪ್ಪಾಳೆ, ಕಂಪೆನಿಯವರು ಮೆಚ್ಚಿ ಕೇಳದೆಯೇ ಎರಡು ತಿಂಗಳು ರಜೆ. ಮಾವಂದಿರು ತಲೆದೂಗಿದರು. ಮಿಸ್ರಿಯಾ ಮಾತ್ರ ಒಂದು ದಿನ ನನಗೆ ಚಾ ಕೊಡುತ್ತಾ, "ಅಷ್ಟು ಮೆಚ್ಚಿದವರು ಒಂದು ಸಲವೂ ಯಾಕೆ ಫೋನ್ ಮಾಡುವುದಿಲ್ಲ?" ಎಂದು ಕೇಳಿದಳು. ಹೊಸ ಮದುಮಗನಿಗೆ ತೊಂದರೆ ಕೊಡಬಾರದೆಂದು ಇರಬೇಕು ಎಂದೆ. ಅವಳು ನನ್ನನ್ನು ನೋಡಿದ ನೋಟ ಡಾಕ್ಟರ್ ನವಾಲ್ ಕನ್ನಡಕ ತೆಗೆದು ನೋಡಿದ ನೋಟಕ್ಕೆ ತೀರ ಹತ್ತಿರವಿತ್ತು.

ಎರಡು ತಿಂಗಳು ಮುಗಿಯುವ ಮೊದಲೇ ನಾನು ಹೊರಟೆ. ಅಷ್ಟು ಒಳ್ಳೆಯ ಕಂಪೆನಿಯನ್ನು ಹೆಚ್ಚು ದಿನ ಕಾಯಿಸುವುದು ಸರಿಯಲ್ಲವೆಂದು ನನಗೇ ಅನಿಸಿತ್ತು. ಖೋಬರಿಗೆ ಹತ್ತಿರದ ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಲ್ಯಾನ್ಸಿ ಸರ್ ಅವರೇ ಕಾರು ತಂದಿದ್ದರು. ಉಮ್ಮ ಕಳಿಸಿದ ಹಲ್ವದ ಪೊಟ್ಟಣ ಕೈಗಿಟ್ಟು, ನನ್ನ ಕೆಲಸ ಮೆಚ್ಚಿ ಅಷ್ಟು ದೊಡ್ಡ ರಜೆ ಕೊಟ್ಟದ್ದಕ್ಕೆ ಊರಿನವರೆಲ್ಲ ಅವರನ್ನು ಹೊಗಳುತ್ತಿದ್ದಾರೆ ಎಂದೆ.

ಲ್ಯಾನ್ಸಿ ಸರ್ ಕಾರು ಸ್ಟಾರ್ಟ್ ಮಾಡಿದವರು ಬಂದ್ ಮಾಡಿದರು.

"ಮೆಚ್ಚಿಯಾ? ಯಾರು ಹೇಳಿದ್ದು ನಿನಗೆ? ಡಾಕ್ಟರಮ್ಮ ಆವತ್ತು ನನ್ನ ಹತ್ರ ಕೇಳಿಕೊಂಡದ್ದು ಒಂದೇ. 'ಈ ಪ್ರದರ್ಶನ ಮುಗಿಯುವವರೆಗೆ ಆ ಹುಡುಗ ಈ ದೇಶದಲ್ಲಿ ಇರಬಾರದು, ದಯವಿಟ್ಟು' ಅಂತ. ಹಾಗಾಗಿ ಎರಡು ತಿಂಗಳು. ಈಗ ಜನ ಜಾಸ್ತಿ ಬರ್ತಾರೆ ಅಂತ ಪ್ರದರ್ಶನ ಇನ್ನೂ ಒಂದು ತಿಂಗಳು ಮುಂದುವರಿಸಿದ್ದಾರೆ ಮಾರಾಯ. ನೀನು ಇಷ್ಟು ಬೇಗ ಯಾಕೆ ಬಂದದ್ದು?"